ಗಾಳಿ ನಮ್ಮ ಗುಡ್ಡದ್ದು, ಬೆಂಕಿ ಯಾರದು?

ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿವೆ. ಅವು ಹುಟ್ಟಿಸಿದ ವಿದ್ಯುತ್ತು ತಂತಿ ಹಿಡಿದು ದೂರ ಹೋಗುತ್ತದೆ. ಅದೇ ವಿದ್ಯುತ್ತಿನಿಂದ ಬೆಳಗಾವಿಯ ಉದ್ಯಮಬಾಗದಂಥ ಕಡೆಗಳಲ್ಲಿ ಕಬ್ಬಿಣ ಕರಗಿ ಎರಕವಾಗುತ್ತದೆ. ಇಲ್ಲಿಯ ರೈತನ ಪಂಪಿಗೆ, ನೇಕಾರನ ಮಗ್ಗಕ್ಕೆ ಬೇಕಾದ ಎರಕ ಇಲ್ಲಿಯೇ ಏಕೆ ಆಗಬಾರದು?

ಇಂಡಕ್ಷನ್ ಕುಲುಮೆ ಮಾಯೆಯಲ್ಲ. 1831ರಲ್ಲಿ ಫ್ಯಾರಡೆ ಕಂಡ ತತ್ವವೇ ಅದರ ಬುಡ. ತಾಮ್ರದ ಕೊಳವೆಯ ಸುರುಳಿ, ಅದರ ನಡುವೆ ಮೂಸೆ. ಸುರುಳಿಯಲ್ಲಿ ವಿದ್ಯುತ್ತು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತಿದ್ದಂತೆ, ಮೂಸೆಯೊಳಗಿನ ಕಬ್ಬಿಣದಲ್ಲಿಯೂ ವಿದ್ಯುತ್ತು ಹುಟ್ಟಿ, ಅದು ತನ್ನಷ್ಟಕ್ಕೆ ಕಾಯ್ದು ಕರಗುತ್ತದೆ. ಕೋಕ್ ಬೇಡ, ತಿದಿ ಬೇಡ, ಕ್ಯುಪೋಲಾದ ಹೊಗೆಯೂ ಇಲ್ಲ.

ಆದರೆ ಒಂದು ಟನ್ನು ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ಬೇಕು. ಚಿಕ್ಕ ಕುಲುಮೆಗೆ ಇನ್ನೂ ಹೆಚ್ಚು. ಕುಲುಮೆ ನಡೆಯಲಿ, ನಿಲ್ಲಲಿ, ಮಂಜೂರಾದ ಹೊರೆಗೆ ತಿಂಗಳ ನಿಗದಿತ ಶುಲ್ಕ ತೆರಲೇಬೇಕು. ಒಬ್ಬ ಕಂಬಾರನ ಕೈಗೆ ಇದು ನಿಲುಕದು. ಹತ್ತು ಜನ ಕೂಡಿದರೆ ನಿಲುಕೀತು. ದೇಶದಲ್ಲಿಯೇ ಮೊದಲನೆಯದೆಂದು ಹೆಸರಾದ ಕೃಷಿ ಸಹಕಾರಿ ಸಂಘವನ್ನು 1905ರಲ್ಲಿ ಶಿದ್ದನಗೌಡ ಪಾಟೀಲರು ಕಟ್ಟಿದ್ದು ನಮ್ಮದೇ ಜಿಲ್ಲೆಯ ಕಣಗಿನಹಾಳದಲ್ಲಿ. ಸಾಲಕ್ಕಾಗಿ ಕೂಡಿದ ಕೈಗಳು ಕುಲುಮೆಗಾಗಿ ಏಕೆ ಕೂಡಬಾರದು?

ಇನ್ನೊಂದು ಮಾತನ್ನು ನಾವು ಮರೆಮಾಚುವುದಿಲ್ಲ. ಹೊಗೆ ಹೋದ ಮಾತ್ರಕ್ಕೆ ಗಂಡಾಂತರ ಹೋಗುವುದಿಲ್ಲ. ಮಳೆಯಲ್ಲಿ ನೆನೆದ ಗುಜರಿಯನ್ನೋ, ಎರಡೂ ಬಾಯಿ ಮುಚ್ಚಿದ ಕೊಳವೆಯನ್ನೋ ಕರಗಿದ ಕಬ್ಬಿಣಕ್ಕೆ ಹಾಕಿದರೆ ಒಳಗಿನ ನೀರು ಒಮ್ಮೆಲೇ ಆವಿಯಾಗಿ ಕುಲುಮೆ ಸಿಡಿಯುತ್ತದೆ. ತಾಮ್ರದ ಕೊಳವೆ ಕರಗದಂತೆ ಅದರೊಳಗೆ ಸದಾ ನೀರು ಹರಿಯುತ್ತಿರುತ್ತದೆ. ಮೂಸೆಯ ಒಳಪದರು ಸವೆದು ಕರಗಿದ ಲೋಹ ಆ ನೀರನ್ನು ಮುಟ್ಟಿದರೂ ಅದೇ ಗತಿ. ಆ ಪದರಿಗೆ ಬಡಿಯುವ ಸಿಲಿಕಾ ಪುಡಿಯ ಧೂಳು ಪುಪ್ಪುಸ ಸೇರಿದರೆ ಸಿಲಿಕೋಸಿಸ್, ಅದಕ್ಕೆ ಮದ್ದಿಲ್ಲ. ಬಾಯಿಯ ಮುಂದೆ ನಿಲ್ಲುವವನು ಬಹುಮಟ್ಟಿಗೆ ಗುತ್ತಿಗೆಯ ಆಳು. ಲಾಭದಲ್ಲಿ ಪಾಲಿಲ್ಲದವನಿಗೆ ಸಾವಿನಲ್ಲಿ ಮಾತ್ರ ಮೊದಲ ಪಾಲು!

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಿದೆ. ಸರಕಾರ ಇಲ್ಲಿ ಸಹಕಾರಿ ಎರಕದ ಕಾರಖಾನೆಗೆ ಜಾಗ, ಸಾಲ, ತರಬೇತಿ ಕೊಡಲಿ. ಅದರ ನಿಗದಿತ ಶುಲ್ಕವನ್ನು ಇಳಿಸಲಿ. ಗುಜರಿಯನ್ನು ಸೂರಿನಡಿ ಒಣಗಿಸಿಯೇ ಹಾಕಬೇಕು. ಒಳಪದರಿನ ದಪ್ಪವನ್ನು ಅಳೆದು ದಿನಾಲು ಬರೆದಿಡಬೇಕು. ವಿದ್ಯುತ್ತು ಹೋದರೂ ಸುರುಳಿಗೆ ನೀರು ಹರಿಯುವಂತೆ ಎತ್ತರದಲ್ಲಿ ತೊಟ್ಟಿ ಇರಬೇಕು. ಪದರು ಸವೆದಿದೆ ಎಂದು ಕಂಡ ಕಾರ್ಮಿಕನಿಗೆ ಯಾರ ಅಪ್ಪಣೆಗೂ ಕಾಯದೆ ಕುಲುಮೆ ನಿಲ್ಲಿಸುವ ಹಕ್ಕು ಇರಬೇಕು. ಅದಕ್ಕಾಗಿ ಅವನ ಕೂಲಿ ಕಡಿಯಬಾರದು.

ಇಷ್ಟು ಮಾಡಲಾಗದಿದ್ದರೆ ಕುಲುಮೆ ಹೊತ್ತಿಸುವುದೇ ಬೇಡ. ಗುಡ್ಡದ ಗಾಳಿ ಯಾರಪ್ಪನ ಆಸ್ತಿಯೂ ಅಲ್ಲ. ಅದರಿಂದ ಹುಟ್ಟಿದ ಬೆಂಕಿ ದುಡಿಯುವವನ ಅನ್ನ ಬೇಯಿಸಬೇಕು, ಅವನ ಮೈಯನ್ನಲ್ಲ.