ಸೋರಿದ ಮಾಳಿಗೆಯೂ ಬೂಷ್ಟೂ

ಬೂಷ್ಟೆಂಬುದು ಮಲೆನಾಡು ಕರಾವಳಿಗಳ ಪೀಡೆಯೆಂದೂ, ಬಳ್ಳಾರಿಯಂತಹ ಬಿಸಿಲು ಸೀಮೆಗೆ ಅದರ ಭಯವಿಲ್ಲವೆಂದೂ ಅನೇಕರು ತಿಳಿದಿರುವರು. ಕುಡತಿನಿಯ ಸುತ್ತಿನ ಮನೆಗಳಲ್ಲಿ ಮಾಳಿಗೆ ಸೋರಿದಾಗ, ನಾಲ್ಕು ದಿನ ಬಿಸಿಲು ಬಿದ್ದರೆ ಎಲ್ಲವೂ ಒಣಗುವುದೆಂದು ಸುಮ್ಮನಿರುವುದುಂಟು. ಬಿಸಿಲು ಮಾಳಿಗೆಯ ಮೇಲ್ಮೈಯನ್ನು ಒಣಗಿಸುವುದೇನೋ ದಿಟ. ಆದರೆ ಬೂಷ್ಟು ಬೆಳೆಯುವುದು ಬಿಸಿಲು ಬೀಳದ ಒಳಮನೆಯಲ್ಲಿ. ಒದ್ದೆಯಾದ ವಸ್ತುವಿನಲ್ಲಿ ಅದು ಬೇರೂರಲು 24ರಿಂದ 48 ಗಂಟೆಗಳು ಸಾಕು. ಆದುದರಿಂದ ಮೊದಲಿನ ಎರಡು ದಿನಗಳೇ ಮುಖ್ಯವಾದುವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕೆಂದು ನಮ್ಮ ಪ್ರಾರ್ಥನೆ.

ಇಲ್ಲಿಯ ಹಳೆಯ ಮನೆಗಳಲ್ಲಿ ತೊಲೆ ಜಂತೆಗಳ ಮೇಲೆ ಮಣ್ಣು ಹಾಕಿ ಬಡಿದ ಮಾಳಿಗೆಗಳನ್ನು ಕಾಣುವೆವು. ಅವು ಬೇಸಗೆಯಲ್ಲಿ ತಂಪು. ಆದರೆ ಒಮ್ಮೆ ನೀರು ಕುಡಿದರೆ ಬೇಗನೆ ಬಿಡವು. ಬಿರುಕು ಬಿಟ್ಟ ಸಿಮೆಂಟಿನ ತಾರಸಿಯೂ ಕಡಮೆಯೇನಲ್ಲ. ವರ್ಷದ ಮಳೆ ಅಲ್ಪವಾದರೂ ಒಮ್ಮೊಮ್ಮೆ ಅದು ಒಟ್ಟಿಗೆ ಸುರಿಯುವುದು. 2009ರ ಸೆಪ್ಟೆಂಬರ್ ಕಡೆಯಲ್ಲಿಯೂ ಅಕ್ಟೋಬರ್ ಮೊದಲಿನಲ್ಲಿಯೂ ಉತ್ತರ ಕರ್ನಾಟಕದಲ್ಲಿ ಸುರಿದ ಮಹಾಮಳೆಯನ್ನು ಸಿರುಗುಪ್ಪದ ಕಡೆಯವರು ಮರೆತಿರಲಾರರು.

ಮಾಳಿಗೆ ಸೋರಿದೊಡನೆ ಮಾಡತಕ್ಕ ಕೆಲಸಗಳಿಗೆ ಒಂದು ಕ್ರಮವುಂಟು. ಗೋಡೆಯ ಒದ್ದೆಯು ವಿದ್ಯುತ್ ತಂತಿಯ ಹತ್ತಿರವಿದ್ದರೆ ಮೊದಲು ಮುಖ್ಯ ಗುಂಡಿಯನ್ನು ಆರಿಸಬೇಕು. ತೊಲೆ ಬಾಗಿದ್ದರೆ ಅದರ ಕೆಳಗೆ ಯಾರೂ ಮಲಗಬಾರದು; ಮಾಳಿಗೆಯನ್ನೂ ಏರಬಾರದು. ಭಯವಿಲ್ಲದಿದ್ದರೆ ತಾಡಪತ್ರಿಯನ್ನು ಹೊದಿಸಿ ನೀರನ್ನು ತಡೆಯಬೇಕು. ಅನಂತರ ಕೌದಿ, ಹಾಸಿಗೆ, ಪುಸ್ತಕಗಳನ್ನು ಹೊರಗೆ ತೆಗೆದು ಬಿಸಿಲಿಗೆ ಹಾಕಿ, ಪೆಟ್ಟಿಗೆಗಳನ್ನು ಗೋಡೆಯಿಂದ ಒಂದು ಗೇಣು ಸರಿಸಿ, ಕಿಟಕಿ ಬಾಗಿಲುಗಳನ್ನು ತೆರೆದಿಡಬೇಕು.

ಧಾನ್ಯದ ವಿಷಯದಲ್ಲಿ ಉಪೇಕ್ಷೆ ಸಲ್ಲದು. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ, ಅಕಾಲದ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳ ಮತ್ತು ಮೆಕ್ಕೆಜೋಳವನ್ನು ಉಂಡ ಜನರು ಹೊಟ್ಟೆನೋವು ಭೇದಿಗಳಿಂದ ನರಳಿದರು. ಬೂಷ್ಟು ಹುಟ್ಟಿಸುವ ವಿಷವೇ ಅದಕ್ಕೆ ಕಾರಣವಾಗಿತ್ತು. ಅಂತಹ ವಿಷವು ತೊಳೆದರೂ, ಒಣಗಿಸಿದರೂ, ಬೇಯಿಸಿದರೂ ಪೂರ್ಣವಾಗಿ ಹೋಗದು. ಬೂಷ್ಟು ಹಿಡಿದ ಜೋಳವನ್ನಾಗಲಿ ಶೇಂಗಾವನ್ನಾಗಲಿ ಮನೆಮಂದಿಗೂ ದನಗಳಿಗೂ ಹಾಕದೆ ಚೆಲ್ಲುವುದೇ ಲೇಸು. ಒಂದು ಚೀಲ ಧಾನ್ಯದ ನಷ್ಟವು ಬಡವರಿಗೆ ಸಣ್ಣದಲ್ಲವೆಂಬುದನ್ನು ನಾವು ಬಲ್ಲೆವು. ಆದುದರಿಂದಲೇ ಸೋರಿದ ರಾತ್ರಿಯೇ ಚೀಲಗಳನ್ನು ಒಣ ನೆಲಕ್ಕೆ, ಹಲಗೆಯ ಮೇಲೆ ಸಾಗಿಸಬೇಕೆನ್ನುವೆವು.

ಗಟ್ಟಿ ಗಿಲಾವಿನ ಗೋಡೆಯ ಮೇಲೆ ಬೂಷ್ಟು ಕಂಡರೆ ಒಣ ಪೊರಕೆಯಿಂದ ಗುಡಿಸಬಾರದು. ಅದರ ಧೂಳಿಯು ಉಬ್ಬಸದವರಿಗೂ ಮಕ್ಕಳಿಗೂ ಕೆಡುಕು. ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡು, ಸಾಬೂನಿನ ನೀರಿನಿಂದ ಉಜ್ಜಿ, ಒರಸಿ ಒಣಗಿಸಬೇಕು. ಬ್ಲೀಚಿಂಗ್ ಪುಡಿಯನ್ನು ಬಳಸುವವರು ಅದರೊಡನೆ ಆಮ್ಲವನ್ನು ಎಂದಿಗೂ ಬೆರಸಬಾರದು, ವಿಷವಾಯು ಹುಟ್ಟುವುದು.

ಸುಣ್ಣ ಬಳಿಯುವುದು ಎಲ್ಲಕ್ಕೂ ಕಡೆಯ ಕೆಲಸ. ಹಸಿ ಗೋಡೆಗೆ ಬಳಿದರೆ ಕಲೆಯು ಮರೆಯಾಗುವುದೇ ಹೊರತು ತೇವವು ಹೋಗದು. ಗೋಡೆಯನ್ನು ಪರೀಕ್ಷಿಸಲು, ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕಂಚುಗಳನ್ನೂ ಗೋಡೆಗೆ ಅಂಟಿಸಿ ಒಂದು ದಿನ ಬಿಡಿರಿ. ಒಳಮೈಯಲ್ಲಿ ಹನಿಗೂಡಿದ್ದರೆ ಇನ್ನೂ ಕಾಯಬೇಕು.

ಬರುವ ಮಳೆಗಾಲಕ್ಕೆ ಮುಂಚೆ, ವೈಶಾಖದಲ್ಲಿಯೇ, ಮಾಳಿಗೆಗೆ ಹೊಸ ಮಣ್ಣು ಹಾಕಿಸಿ, ನೀರು ಹೋಗುವ ದೋಣಿಯ ಕಸವನ್ನು ತೆಗೆಸಿದರೆ ಈ ಶ್ರಮದಲ್ಲಿ ಹೆಚ್ಚಿನ ಪಾಲು ತಪ್ಪುವುದು.