ಉದ್ರಿ ಕೊಟ್ಟವರಿಗೂ ಒಂದು ಶಾಲು

ರಾಜ್ಯೋತ್ಸವ ಬಂದರೆ ಹಳ್ಳಿಗಳಲ್ಲಿ ಶಾಲು, ಹಾರ ಯಾರಿಗೆ ಎಂಬುದು ಸಾಮಾನ್ಯವಾಗಿ ಮೊದಲೇ ಗೊತ್ತಿರುತ್ತದೆ: ನಿವೃತ್ತ ಮಾಸ್ತರು, ಭಜನಾ ಮೇಳದ ಹಿರಿಯರು, ಹೆಸರು ಮಾಡಿದ ಪೈಲ್ವಾನರು. ನಲವತ್ತು ಐವತ್ತು ವರ್ಷ ಊರಿಗೆಲ್ಲ ಎಣ್ಣೆ, ಬೆಲ್ಲ, ಚಹಾಪುಡಿ ತೂಗಿ ಕೊಟ್ಟ ಕಿರಾಣಿ ಅಂಗಡಿಯವರ ಹೆಸರು ಆ ಪಟ್ಟಿಯಲ್ಲಿ ಕಾಣುವುದು ಅಪರೂಪ. 'ವ್ಯಾಪಾರ ಮಾಡ್ಯಾರ, ಲಾಭ ತಗೊಂಡಾರ, ಮತ್ಯಾಕ ಸತ್ಕಾರ?' ಎನ್ನುವವರೂ ಇದ್ದಾರೆ.

ಲಾಭ ತಗೊಂಡದ್ದು ನಿಜ. ಆದರೆ ಅದು ಕೈಗೆ ಬಂದದ್ದು ಯಾವಾಗ?

ನವಲಗುಂದ, ಅಣ್ಣಿಗೇರಿಯ ಎರಿ ಹೊಲದಲ್ಲಿ ಮುಂಗಾರಿಗೆ ಬಿತ್ತಿದ ಹೆಸರು ಮನೆ ಸೇರುವುದು ಆಗಸ್ಟ್ ಇಲ್ಲವೇ ಸೆಪ್ಟೆಂಬರಿಗೆ. ಹಿಂಗಾರಿ ಕಡಲೆ ರಾಶಿಯಾಗಲು ಮುಂದಿನ ವರ್ಷವೇ ಬರಬೇಕು. ಕುಂದಗೋಳದವರು ಮೆಣಸಿನಕಾಯಿ ಒಣಗಿಸಿ ಬ್ಯಾಡಗಿ ಪೇಟೆಗೆ ಒಯ್ಯುವವರೆಗೆ ಕಾಯಬೇಕು. ಒಲೆ ಮಾತ್ರ ದಿನಾ ಹೊತ್ತಬೇಕು. ನಡುವಿನ ತಿಂಗಳುಗಳನ್ನು ದಾಟಿಸಿದ್ದು ಅಂಗಡಿಯ ಉದ್ರಿ. ಬ್ಯಾಂಕು ಪಹಣಿ ನೋಡಿ ಬೆಳೆಸಾಲ ಕೊಡುತ್ತದೆ; ಹೊಲವೇ ಇಲ್ಲದ ಕೂಲಿಯವರ ಮನೆಗೆ ಬೀಗರು ಬಂದಾಗ ಪಾವ್ ಕಿಲೊ ಸಕ್ಕರೆ ಕೊಟ್ಟದ್ದು ಅಂಗಡಿಯವರ ನಂಬಿಕೆ.

ಎಲ್ಲರೂ ಧರ್ಮಾತ್ಮರಲ್ಲ. ಉದ್ರಿಗೆ ಒಂದು ದರ, ರೋಖಕ್ಕೆ ಒಂದು ದರ ಇಟ್ಟವರಿದ್ದಾರೆ, ತಕ್ಕಡಿಯಲ್ಲಿ ಕೈಚಳಕ ತೋರಿದವರೂ ಇದ್ದಾರೆ. ಆದರೂ ಬೆಣ್ಣಿಹಳ್ಳ ಉಕ್ಕಿ ಹೊಲ ಕೊಚ್ಚಿದ ವರ್ಷ ಗಿರಾಕಿಗೆ 'ಮುಂದಿನ ಸುಗ್ಗಿಗೆ ನೋಡೋಣು ಬಿಡ್ರಿ' ಎಂದವರೇ ಹುಬ್ಬಳ್ಳಿಯ ಸಗಟು ವ್ಯಾಪಾರಿಗೆ ತಮ್ಮ ಬಾಕಿ ಕಟ್ಟಬೇಕಿತ್ತು.

ಸರ್ಕಾರದ ಬದಲಾವಣೆಗಳನ್ನು ಊರಿಗೆ ತಿಳಿಸಿ ಹೇಳಿದ್ದೂ ಇದೇ ಅಂಗಡಿ ಕಟ್ಟೆ. 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂದಾಗ ಆಣೆಯ ಲೆಕ್ಕ ಬಿಡಿಸಬೇಕಾಯಿತು. ಆಮೇಲೆ ಸೇರು ಹೋಗಿ ಕಿಲೊ ಬಂತು. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ನಿಂತಾಗ ಮತ್ತೆ ಊರು ನಡೆದದ್ದು ಉದ್ರಿಯ ಮೇಲೆ. 2020ರ ಲಾಕ್‌ಡೌನಿನಲ್ಲಿ ತೆರೆಯಲು ಅನುಮತಿ ಇದ್ದ ಕೆಲವೇ ಬಾಗಿಲುಗಳಲ್ಲಿ ಕಿರಾಣಿಯದೂ ಒಂದು. ಈಗ ಗಲ್ಲಾದ ಮುಂದೆ ಕ್ಯೂಆರ್ ಕೋಡ್ ಅಂಟಿದೆ. ಆದರೆ ರೊಕ್ಕ ಇಲ್ಲದವರು ಫೋನಿನಿಂದ ಏನು ಕಳಿಸಿಯಾರು?

ಹಿರಿಯ ಅಂಗಡಿಕಾರರು ಕಣ್ಮುಚ್ಚಿದ ಮೇಲೆ ದೀಪಾವಳಿಗೆ ಪೂಜೆಗೊಂಡ ಹಳೇ ವಹಿಗಳು ರದ್ದಿಗೆ ಹೋಗುತ್ತವೆ. ಯಾವ ಬರದಲ್ಲಿ ಜನ ಏನು ಕೊಳ್ಳುವುದು ಬಿಟ್ಟರು, ಪೊಟ್ಟಣದ ಚಹಾಪುಡಿ, ಶಾಂಪೂ ಊರೊಳಗೆ ಎಂದು ಕಾಲಿಟ್ಟವು, ಬೆಲ್ಲದ ದರ ಹೇಗೆ ಏರಿತು ಎಂಬುದೆಲ್ಲ ಅವುಗಳಲ್ಲಿದೆ. 1939ರಲ್ಲಿ ಆರಂಭವಾದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ ಶಾಸನ, ಹಸ್ತಪ್ರತಿಗಳನ್ನು ಜೋಪಾನ ಮಾಡಿದೆ. ಒಂದು ಕಪಾಟು ಉದ್ರಿ ವಹಿಗಳಿಗೂ ಸಿಗಲಿ. ಮನೆಯವರ ಒಪ್ಪಿಗೆ ಬೇಕು, ಸಾಲಗಾರರ ಹೆಸರು ಹೊರಬೀಳಬಾರದು. ಅಷ್ಟು ಎಚ್ಚರ ಸಾಕು.

ಸತ್ಕಾರಕ್ಕೆ ಅಂಗಡಿಯವರು ತೀರಿಕೊಳ್ಳುವತನಕ ಕಾಯಬೇಕಿಲ್ಲ. ಗ್ರಾಮ ಪಂಚಾಯಿತಿಯವರು ಈ ಸಲದ ಪಟ್ಟಿಗೆ ಒಂದು ಹೆಸರು ಸೇರಿಸಬಹುದು. ವೇದಿಕೆ ಹತ್ತುವ ಮುಂಚೆ ಪಂಚಾಯಿತಿ ಸದಸ್ಯರು ತಮ್ಮ ತಮ್ಮ ಬಾಕಿ ಚುಕ್ತಾ ಮಾಡಿದರೆ ಇನ್ನೂ ಚಲೋ.