ಬಿಡುವ ದಾರಿ ಎಲ್ಲರಿಗೂ ಒಂದೇ ಅಲ್ಲ



ತಪಸ್ಸುಕಾಲದಲ್ಲಿ ಬೀಡಿ, ಸಿಗರೇಟು ಬಿಟ್ಟು, ಪಾಸ್ಕ ಹಬ್ಬ ಕಳೆದೊಡನೆ ಮತ್ತೆ ಹಚ್ಚುವವರು ನಮ್ಮ ಕುಟುಂಬಗಳಲ್ಲಿ ಅನೇಕರಿದ್ದಾರೆ. "ಇವರಿಗೆ ಮನಸ್ಸು ಗಟ್ಟಿಯಿಲ್ಲ" ಎಂದು ಮನೆಯವರು ನೊಂದುಕೊಳ್ಳುತ್ತಾರೆ. ಸೇದುವವರೂ ಅದನ್ನೇ ನಂಬಿ ಕೈಚೆಲ್ಲುತ್ತಾರೆ. ಮನಸ್ಸು ಬೇಕು, ನಿಜ. ಆದರೆ ಅವರವರಿಗೆ ಒಗ್ಗುವ ಚಿಕಿತ್ಸೆಯೂ ಬೇಕು.

2016ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಅಧ್ಯಯನದಲ್ಲಿ 16 ದೇಶಗಳ 8 ಸಾವಿರಕ್ಕೂ ಹೆಚ್ಚು ಧೂಮಪಾನಿಗಳಿದ್ದರು. ಚಿಕಿತ್ಸೆ 12 ವಾರ. 9ರಿಂದ 24ನೇ ವಾರದವರೆಗೆ ಸೇದದೆ ಉಳಿದವರು, ವರೆನಿಕ್ಲಿನ್ ಮಾತ್ರೆ ಪಡೆದವರಲ್ಲಿ ನೂರಕ್ಕೆ ಸುಮಾರು 22. ಬುಪ್ರೋಪಿಯಾನ್ ಮಾತ್ರೆ ಅಥವಾ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಪಡೆದವರಲ್ಲಿ ಸುಮಾರು 16. ಔಷಧವಿಲ್ಲದ ಹುಸಿ ಮಾತ್ರೆಯವರಲ್ಲಿ 9. ಮಾನಸಿಕ ಕಾಯಿಲೆ ಇದ್ದವರಿಗೂ ಈ ಔಷಧಗಳು ನೆರವಾದವು.

ಹಾಗಾದರೆ ಎಲ್ಲರಿಗೂ ವರೆನಿಕ್ಲಿನ್ ಕೊಟ್ಟರಾಯಿತೇ? ಇಲ್ಲ. ನಿಕೋಟಿನನ್ನು ಕರಗಿಸುವುದು ನಮ್ಮ ಲಿವರ್. ಕೆಲವರಲ್ಲಿ ಅದು ಬೇಗ ಕರಗುತ್ತದೆ, ಕೆಲವರಲ್ಲಿ ನಿಧಾನ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು 1,246 ಜನರ ರಕ್ತದಲ್ಲಿ ಇದನ್ನು ಅಳೆದು ನೋಡಿತು. ಸಾಮಾನ್ಯ ವೇಗದವರಲ್ಲಿ ಚಿಕಿತ್ಸೆ ಮುಗಿದಾಗ ವರೆನಿಕ್ಲಿನ್‌ನಿಂದ ಬಿಟ್ಟವರು ನೂರಕ್ಕೆ 38.5, ಪಟ್ಟಿಯಿಂದ 22.5. ನಿಧಾನದವರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಆದರೆ ಅವರಿಗೆ ಮಾತ್ರೆಯ ಅಡ್ಡಪರಿಣಾಮ ಹೆಚ್ಚು. ಅಂಥವರಿಗೆ ಪಟ್ಟಿಯೇ ಸಾಕು.

ಈ ರಕ್ತಪರೀಕ್ಷೆ ಊರ ಆಸ್ಪತ್ರೆಗಳಿಗೆ ಬಂದಿಲ್ಲ. ಆದರೆ ಚಟದ ಬಲ ತಿಳಿಯಲು ಒಂದು ಸುಲಭ ಪ್ರಶ್ನೆಯಿದೆ: ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದನ್ನು ಹಚ್ಚುತ್ತೀರಿ? ಅರ್ಧ ಗಂಟೆಯೊಳಗೆ ಎಂದಾದರೆ ಚಟ ಬಲವಾಗಿದೆ. ಅಂಥವರಿಗೆ ನಿಕೋಟಿನ್ ಗಮ್ 4 ಮಿಲಿಗ್ರಾಂನದು, ಉಳಿದವರಿಗೆ 2 ಮಿಲಿಗ್ರಾಂನದು ಸೂಚಿಸುವುದು ವಾಡಿಕೆ. ಗಮ್ ಅನ್ನು ಒಂದೇ ಸಮನೆ ಜಗಿಯಬಾರದು. ಸ್ವಲ್ಪ ಜಗಿದು ಕೆನ್ನೆಯ ಬದಿಗೆ ಒತ್ತಿಟ್ಟುಕೊಳ್ಳಬೇಕು.

ಫಿಟ್ಸ್ ಬರುವವರಿಗೆ ಬುಪ್ರೋಪಿಯಾನ್ ಕೂಡದು. ಮೂತ್ರಪಿಂಡದ ತೊಂದರೆಯಿದ್ದರೆ ವರೆನಿಕ್ಲಿನ್ ಪ್ರಮಾಣ ಕಡಿಮೆ ಮಾಡಬೇಕಾಗಬಹುದು. ಆದುದರಿಂದ ಯಾವುದನ್ನೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ. ಗರ್ಭಿಣಿಯರಂತೂ ಮೊದಲು ವೈದ್ಯರನ್ನೇ ಕಾಣಬೇಕು.

ತಂಬಾಕು ಬಿಡಲು ಸರಕಾರದ ಉಚಿತ ದೂರವಾಣಿಯೂ ಇದೆ: 1800-11-2356. ಕನ್ನಡದಲ್ಲೂ ಮಾತನಾಡಬಹುದು.

ತಾಯಂದಿರೇ, ಮಕ್ಕಳೇ, ನಿಮ್ಮ ಮನೆಯವರು ಒಮ್ಮೆ ಬಿಟ್ಟು ಮತ್ತೆ ಹಚ್ಚಿದರೆ ಹಂಗಿಸಬೇಡಿ. ಸೋತದ್ದು ಆ ಒಂದು ಚಿಕಿತ್ಸೆ ಇರಬಹುದು, ಮನುಷ್ಯನಲ್ಲ. ಈ ಸಲ ಜೊತೆಗೆ ನೀವೂ ವೈದ್ಯರ ಬಳಿಗೆ ಹೋಗಿ, ಬೇರೆ ದಾರಿ ಕೇಳಿ.